ಹಳೇ ಮನೇಲಿ ಹೋಮ್‌ಸ್ಟೇ ಮಾಡ್ಬೇಕು ಅಂತಿದೀವಿ, ನಮ್ಮ ಬಾವಿ ತಡೀತದಾ?

ತೋಟದಂಚು (ಶನಿವಾರ ರಾತ್ರಿ)

ಎಲ್ಲರಿಗೂ ನಮಸ್ಕಾರ. ಶಿರಸಿ-ಸಿದ್ದಾಪುರ ರಸ್ತೆಯಿಂದ ಮೂರು ಕಿಲೋಮೀಟರ್ ಒಳಗೆ ನಮ್ಮನೆ. ಒಂದೂವರೆ ಎಕರೆ ಅಡಿಕೆ ತೋಟ, ಮರಕ್ಕೆ ಕಾಳುಮೆಣಸು ಬಳ್ಳಿ, ಮೂರು ಆಕಳು. ಎರಡು ವರ್ಷದಿಂದ ಎಲೆಚುಕ್ಕೆ ರೋಗ ಬಿದ್ದು ಫಸಲು ಅರ್ಧಕ್ಕೆ ಬಂತು, ಅದ್ರ ಮೇಲೆ ಕೊಳೆ ರೋಗ ಬೇರೆ, ಮದ್ದು ಹೊಡೆಸೋಕೆ ಜನ ಸಿಕ್ಕೂದಿಲ್ಲ. ಮಗಳು ಬೆಂಗ್ಳೂರಲ್ಲಿ, ಮೆತ್ತಿನ ಮೇಲೆ ಎರಡು ಕೋಣೆ ಖಾಲಿ ಬಿದ್ದಿದೆ, ಅದನ್ನ ಹೋಮ್‌ಸ್ಟೇ ಮಾಡೋಣ ಅಂತ ನಮ್ಮನೆಯವ್ರು ಹೇಳ್ತಿದಾರೆ.

ಪರಿಚಯದ ಕಂಟ್ರಾಕ್ಟರ್ ಒಬ್ರು ಬಂದು ನೋಡಿಕೊಂಡು ಹೋದ್ರು. ಹಳೇ ಮನೆಗೆ ಯಾರೂ ಬರೂದಿಲ್ಲ, ಮೇಲಿನ ಬ್ಯಾಣದಲ್ಲಿ (ಹುಲ್ಲುಗಾವಲಲ್ಲಿ) ಗುಡ್ಡ ಕಡಿದು ಸಮ ಮಾಡಿ ನಾಲ್ಕು ಕಾಟೇಜ್ ಕಟ್ಟಿ, ಮುಂದೆ ಒಂದು ಸ್ವಿಮ್ಮಿಂಗ್ ಪೂಲ್ ಹಾಕಿ, ಸಾಲ ನಾ ಕೊಡಿಸ್ತೇನೆ ಅಂದ್ರು. ಅವ್ರು ಹೋದ್ಮೇಲೆ ರಾತ್ರಿ ನಂಗೆ ನಿದ್ದೆ ಬರ್ಲಿಲ್ಲ. ದುಡ್ಡು ಬೇಕು, ಸುಳ್ಳಲ್ಲ. ಆದ್ರೆ ಏಪ್ರಿಲ್ಲಿಗೆ ನಮ್ಮ ಬಾವಿ ನೀರು ಕೆಳಗೆ ಹೋಗೂದು ನಂಗೊತ್ತು, ಎಂಟು ಹತ್ತು ಜನ ಬಂದು ಷವರ್ ಬಿಟ್ಕೊಂಡು ನಿಂತ್ರೆ ಎಂತ ಮಾಡೂದು? ಅವ್ರ ಕಸ ಎಲ್ಲಿ ಹಾಕೂದು? ಊರು ಹಾಳು ಮಾಡದೆ ಇದನ್ನ ಮಾಡೋ ದಾರಿ ಇದ್ದಾ? ಮಾಡಿದವ್ರು ಇದ್ರೆ ದಯವಿಟ್ಟು ಹೇಳಿ.

ಕಾನಮೂಲೆ

ತಂಗಿ, ನಾನು ಯಲ್ಲಾಪುರ ಕಡೆಯವನು, ಏಳು ವರ್ಷದಿಂದ ನಡೆಸ್ತಾ ಇದ್ದೆ, ಈಗ್ಲೂ ನಡೆಸ್ತಿದೀನಿ. ನಿನ್ನ ಪ್ರಶ್ನೇಲೇ ಅರ್ಧ ಉತ್ತರ ಇದೆ, ಬಾವಿಯಿಂದ ಶುರು ಮಾಡಿದ್ಯಲ್ಲ, ಅಲ್ಲಿಂದ್ಲೇ ಶುರು ಮಾಡ್ಬೇಕು. ನಾವು ಉಲ್ಟಾ ಮಾಡಿದ್ವಿ. ಮೊದಲು ಕೋಣೆ ಕಟ್ಟಿದ್ವಿ, ಹಾಸಿಗೆ ತಂದ್ವಿ, ಫೋಟೋ ಹಾಕಿದ್ವಿ, ನೀರಿನ ವಿಚಾರ ನೆನಪಾಗಿದ್ದು ಕಡೆಗೆ.

ಮೊದಲನೇ ವರ್ಷ ಜುಲೈ, ಶನಿವಾರ ಭಾನುವಾರ ಸೇರಿ ಹನ್ನೊಂದು ಜನ. ಭಾನುವಾರ ಬೆಳಿಗ್ಗೆ ಕೆಳಗಿನ ಪಾಯಖಾನೇಲಿ ನೀರು ಇಳೀತಾ ಇಲ್ಲ. ಹೋಗಿ ಗುಂಡಿ ಮುಚ್ಚಳದ ಹಾಸುಗಲ್ಲು ಎತ್ತಿ ನೋಡ್ತೀನಿ, ಒಂದು ಗೇಣು ಬಿಟ್ಟು ಬಾಯಿ ತನಕ ನೀರು ನಿಂತಿದೆ. ಮಳೆಗಾಲದಲ್ಲಿ ನಮ್ಮ ಕಡೆ ಮಣ್ಣೇ ಕುಡಿದು ತುಂಬಿರ್ತದೆ, ಗುಂಡಿ ನೀರು ಇಂಗೂದು ಎಲ್ಲಿಗೆ? ಆ ಗುಂಡಿಯಿಂದ ಬಾವಿಗೆ ಮೂವತ್ತೇ ಅಡಿ, ಅದೂ ಇಳಿಜಾರಲ್ಲಿ ಬಾವಿ ಕೆಳಗೆ. ನೀರು ಪರೀಕ್ಷೆ ಮಾಡೋ ಸಣ್ಣ ಬಾಟ್ಲಿ ತಂದು ಬಾವಿ ನೀರು ತುಂಬಿಟ್ಟೆ, ಮಾರನೇ ದಿನ ನೋಡಿದ್ರೆ ಒಳಗಿನ ನೀರು ಇದ್ದಲಿನ ಹಂಗೆ ಕಪ್ಪು. ಅಂದ್ರೆ ಹೊಲಸು ಬಾವಿಗೆ ಸೇರಿದೆ. ನಮ್ಮ ಅಜ್ಜನ ಕಾಲದಿಂದ ಕುಡೀತಾ ಬಂದ ನೀರು ಅದು. ಅವತ್ತು ನಾನು ಅತ್ತೇ ಬಿಟ್ಟೆ, ಹೇಳೂಕೆ ನಾಚಿಕೆ ಇಲ್ಲ.

ಎರಡು ತಿಂಗಳು ಬಂದ್ ಮಾಡಿ ಗುಂಡಿ ಬೇರೆ ಕಡೆ ಮಾಡಿಸಿ ಬಾವಿ ತೊಳೆಸಿ ಮತ್ತೆ ಶುರು ಮಾಡಿದ್ದು. ಅಲ್ಲಿಂದ ಇಲ್ಲಿವರೆಗೆ ಒಂದು ಹೊತ್ತಿಗೆ ಆರು ಜನ, ಏಳನೇಯವ್ರಿಗೆ ಇಲ್ಲ. ಶಿರಸಿ ಮಾರಿಜಾತ್ರೆ ವರ್ಷ ಫೋನ್ ಮೇಲೆ ಫೋನ್ ಬರ್ತದೆ, ಡಬಲ್ ಕೊಡ್ತೀವಿ ಅಂತಾರೆ, ಆರೇ ಜನ.

ಬಾವಿ ಲೆಕ್ಕ ಹೇಳ್ತೀನಿ ಕೇಳು. ನಿಮ್ಮ ಬಾವಿ ಅಗಲ ಎಷ್ಟು? ಆರಡಿ ಅಗಲ ಇದ್ರೆ ಒಂದಡಿ ನೀರು ಅಂದ್ರೆ ಸುಮಾರು 800 ಲೀಟರ್. ಮೇ ಎರಡನೇ ವಾರ, ಎಲ್ಲಕ್ಕಿಂತ ಕಮ್ಮಿ ನೀರಿರೋ ಹೊತ್ತಲ್ಲಿ, ಸಂಜೆ ಆರಕ್ಕೆ ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಸಿ ಅಳೆ, ಆಮೇಲೆ ಪಂಪು ಹಾಕ್ಬೇಡ, ಕೊಡಪಾನಾನೂ ಇಳಿಸ್ಬೇಡ, ಬೆಳಿಗ್ಗೆ ಆರಕ್ಕೆ ಮತ್ತೆ ಅಳೆ. ರಾತ್ರಿ ಎಷ್ಟು ಏರಿದೆ ನೋಡು. ಅದ್ರಲ್ಲಿ ನಿಮ್ಮನೆ ಖರ್ಚು, ಆಕಳಿನ ಖರ್ಚು ಕಳೆ. ಉಳಿದದ್ದು ನೆಂಟರಿಗೆ. ಹಗಲು ಬರೋ ನೀರನ್ನ ಲೆಕ್ಕಕ್ಕೆ ಹಿಡೀಲೇಬೇಡ, ಅದು ಬಾವಿಗೇ ಇರ್ಲಿ. ಒಬ್ಬ ನೆಂಟನಿಗೆ ನೂರು ಲೀಟರ್ ಹಿಡಿ, ಬಕೆಟ್ ಸ್ನಾನ ಆದ್ರೆ ಸಾಕು, ಷವರ್ ಆದ್ರೆ ಸಾಲೂದಿಲ್ಲ.

ಬ್ಯಾಣದಾಚೆ

ಪೂಲ್ ಮಾತ್ರ ಬೇಡ ಅಕ್ಕ. ಇಪ್ಪತ್ತಡಿ ಉದ್ದ ಹತ್ತಡಿ ಅಗಲ ನಾಲ್ಕಡಿ ಆಳ, ಇಷ್ಟು ಸಣ್ಣದಕ್ಕೇ 22 ಸಾವಿರ ಲೀಟರ್ ಮೇಲೆ ನೀರು ಬೇಕು.

ನಾನು ಹೋಮ್‌ಸ್ಟೇ ನಡೆಸೋನಲ್ಲ, ಪಕ್ಕದ ಮನೆಯವ್ನು. ನಮ್ಮ ಮೇಲಿನ ಗುಡ್ಡದಲ್ಲಿ ಹೊರಗಿನವ್ರು ಯಾರೋ ಜಾಗ ತಗೊಂಡು ಕಾಟೇಜ್ ಮಾಡಿದ್ರು. ನಮ್ಮ ನಾಲ್ಕು ಮನೆಗೆ ಗುಡ್ಡದಿಂದ ಇಳಿಯೋ ಅಬ್ಬಿ ನೀರು, ಮೊದಲು ಅಡಿಕೆ ದಬ್ಬೇಲಿ ಬರ್ತಿತ್ತು ಈಗ ಪೈಪಲ್ಲಿ, ಕರೆಂಟಿಲ್ಲ ಪಂಪಿಲ್ಲ ತನ್ನಷ್ಟಕ್ಕೇ ಬರೋ ನೀರು. ಅವ್ರು ಮೇಲ್ಗಡೆ ಟ್ಯಾಂಕಿಗೆ ತಿರುಗಿಸಿಕೊಂಡ್ರು. ಫೆಬ್ರವರಿಗೇ ನಮ್ಮ ಪೈಪು ದಾರದಷ್ಟು ಸಣ್ಣ ಆಯ್ತು, ಮಾರ್ಚಿಗೆ ಬರೀ ಹನಿ. ಅಮ್ಮಂಗೆ ಎಪ್ಪತ್ತು ವರ್ಷ, ಕೆಳಗಿನ ಹಳ್ಳದಿಂದ ಕೊಡಪಾನ ಹೊತ್ಕೊಂಡು ಬಂದ್ಳು. ರಾತ್ರಿ ಹನ್ನೆರಡರ ತನಕ ಸ್ಪೀಕರ್ ಹಾಕ್ತಾರೆ, ಅದನ್ನಾದ್ರೂ ತಡ್ಕೊಬಹುದು, ನೀರಿಂದು ತಡ್ಕೊಳೋಕಾಗ್ಲಿಲ್ಲ. ಮಾತಾಡೋಕೆ ಹೋದ್ರೆ ಮ್ಯಾನೇಜರ್ ಸಿಗ್ತಾರೆ, ಮಾಲೀಕರು ಸಿಗೂದಿಲ್ಲ. ಅವ್ರ ಬೋರ್ಡಲ್ಲಿ ಎಲೆ ಚಿತ್ರ ಹಾಕಿ ಇಕೋ ಅಂತ ಬರೆದಿದೆ.

ನೀವು ಮನೇಲೇ ಇರೋರು, ಅದೇ ದೊಡ್ಡದು. ಆದ್ರೂ ಶುರು ಮಾಡೋ ಮುಂಚೆ ಕೆಳಗಿನ ಮನೆಯವ್ರ ಹತ್ರ ಒಂದು ಮಾತು ಹೇಳಿ, ಅವ್ರ ನೀರು ನಿಮ್ಮ ಜಾಗದಿಂದ್ಲೇ ಹೋಗ್ತಿರ್ತದೆ.

ಗಾರೆಕೆಲ್ಸ

ಗುಡ್ಡ ಕಡಿಯೋ ವಿಚಾರಕ್ಕೆ ನಾನು ಹೇಳ್ತೀನಿ, ಇಪ್ಪತ್ತು ವರ್ಷದಿಂದ ಕಟ್ಟಡ ಕೆಲ್ಸದಲ್ಲೇ ಇರೋನು. 2021ರ ಜುಲೈಲಿ ಯಲ್ಲಾಪುರದ ಕಳಚೆ, 2024ರ ಜುಲೈ 16ಕ್ಕೆ ಅಂಕೋಲೆ ಶಿರೂರು, ಎರಡೂ ಗುಡ್ಡ ಕುಸಿತ ಕಣ್ಣಮುಂದೆ ಇದೆ. ಶಿರೂರಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಜಾರಿ ಗಂಗಾವಳಿ ನದಿಗೇ ಹೋಯ್ತು. ನಮ್ಮ ಕಡೆ ಗುಡ್ಡ ಅಂದ್ರೆ ಮೇಲೆ ಜಂಬಿಟ್ಟಿಗೆ, ಕೆಳಗೆ ಸೇಡಿ ಮಣ್ಣು, ಅಂದ್ರೆ ಮೆತ್ತನೆ ಜೇಡಿ. ಮೇಲಿಂದ ಇಂಗಿದ ನೀರು ಸೇಡಿ ತನಕ ಇಳಿದು ಅಲ್ಲಿ ನಿಲ್ತದೆ. ನೀವು ಬುಡ ಕಡಿದ್ರಿ ಅಂದ್ರೆ ಮೇಲಿನ ಭಾರಕ್ಕೆ ಒರಗೋಕೆ ಏನೂ ಇರೂದಿಲ್ಲ. ಜೆಸಿಬಿ ಅರ್ಧ ದಿನದಲ್ಲಿ ಕೆಲ್ಸ ಮುಗಿಸ್ತದೆ, ಗುಡ್ಡ ಮೂರನೇ ಮಳೆಗಾಲಕ್ಕೋ ನಾಲ್ಕನೇ ಮಳೆಗಾಲಕ್ಕೋ ಬರ್ತದೆ.

ಇನ್ನೊಂದು, ನೀವು ಬ್ಯಾಣ ಅಂದಿದ್ದು ನಿಮ್ಮ ಮಾಲ್ಕಿ ಜಾಗಾನಾ ಇಲ್ಲಾ ಸೊಪ್ಪಿನ ಬೆಟ್ಟಾನಾ? ಬೆಟ್ಟ ಆದ್ರೆ ಅಲ್ಲಿ ಕಟ್ಟೋ ಹಂಗೇ ಇಲ್ಲ. ನಮ್ಮ ಜಿಲ್ಲೇಲಿ ಒಂದೆಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟ ಬಿಟ್ಟಿದ್ದು ಸೊಪ್ಪು, ದರಕು (ಒಣಗಿದ ಎಲೆ) ತರೋಕೆ, ಜಾಗ ಸರ್ಕಾರದ್ದು. ಮಾಲ್ಕಿ ಆದ್ರೂ ಬಿನ್‌ಶೇತ್ಕಿ, ಅಂದ್ರೆ ಕೃಷಿಯೇತರ ಜಾಗ ಅಂತ ಪರಿವರ್ತನೆ, ಆಗ್ಬೇಕು.

ಪಾಯಖಾನೆ ಗುಂಡಿ ಎರಡು ಮಾಡಿ. ನಡುವೆ ಒಂದು ಛೇಂಬರ್, ಒಂದು ಗುಂಡಿಗೆ ಹೋಗ್ತಿರುವಾಗ ಇನ್ನೊಂದರ ಬಾಯಿ ಮುಚ್ಚಿರ್ಬೇಕು. ತುಂಬಿದ ಗುಂಡಿ ಒಂದೂವರೆ ಎರಡು ವರ್ಷ ಹಾಗೇ ಬಿಟ್ರೆ ಒಳಗಿದ್ದದ್ದು ಒಣ ಗೊಬ್ಬರ ಆಗ್ತದೆ, ವಾಸ್ನೆ ಇರೂದಿಲ್ಲ, ತೆಂಗಿನ ಬುಡಕ್ಕೆ ಹಾಕ್ಬಹುದು. ಎರಡರ ನಡುವೆ ಮೂರು ಮೂರೂವರೆ ಅಡಿ ಮಣ್ಣು ಬಿಡಿ, ತಳಕ್ಕೆ ಕಾಂಕ್ರೀಟ್ ಹಾಕ್ಬೇಡಿ. ಬಾವಿಯಿಂದ ಅರವತ್ತಡಿ ಆದ್ರೂ ದೂರ, ಯಾವತ್ತೂ ಬಾವಿಗಿಂತ ಇಳಿಜಾರಿನ ಕೆಳಗೆ. ಸ್ನಾನದ ನೀರು ಅದಕ್ಕೆ ಬಿಡ್ಲೇಬೇಡಿ, ಆಸಿಡ್ಡು ಫಿನಾಯಿಲು ಹುಯ್ಯಲೇಬೇಡಿ, ಒಳಗೆ ಕೆಲ್ಸ ಮಾಡೋ ಜೀವಗಳು ಸತ್ತೋಗ್ತವೆ. ಮಳೆಗಾಲದಲ್ಲಿ ನಿಮ್ಮ ಜಾಗದಲ್ಲಿ ಎಷ್ಟಡಿಗೆ ನೀರು ಸಿಕ್ತದೆ ಅಂತ ಮೊದ್ಲು ನೋಡ್ಬೇಕು. ಗುಂಡಿ ತಳದಿಂದ ಆರಡಿ ಕೆಳಗಾದ್ರೂ ಇರ್ಬೇಕು ಆ ನೀರು, ಇಲ್ಲಾಂದ್ರೆ ಈ ಪದ್ಧತಿ ಬೇಡ. ಕಾನಮೂಲೆಯವ್ರಿಗೆ ಆಗಿದ್ದೇ ಆಗ್ತದೆ.

ತೋಟದಂಚು

ಎಲ್ಲರಿಗೂ ಥ್ಯಾಂಕ್ಸ್. ಓದ್ತಾ ಓದ್ತಾ ಎದೆ ಹೊಡ್ಕೊಳ್ತು, ಆದ್ರೂ ಒಳ್ಳೇದೇ ಆಯ್ತು. ಬ್ಯಾಣದ ಉತಾರ (ಪಹಣಿ) ತೆಗೆದು ನೋಡಿದ್ವಿ, ಕಂಟ್ರಾಕ್ಟರ್ ತೋರಿಸಿದ ಜಾಗದಲ್ಲಿ ಅರ್ಧ ಬೆಟ್ಟಕ್ಕೇ ಸೇರಿದೆ. ಹಂಗಾಗಿ ಅದು ಅಲ್ಲಿಗೆ ಮುಗೀತು. ನಮ್ಮತ್ತೆ ಸಾಲ್ಕಣಿ ಕಡೆಯವ್ರು, 1983ರಲ್ಲಿ ಅಲ್ಲಿ ಜನ ಮರ ಅಪ್ಪಿಕೊಂಡು ಅಪ್ಪಿಕೋ ಚಳುವಳಿ ಶುರುವಾದಾಗ ಊರಲ್ಲೇ ಇದ್ದವ್ರು. ಜೆಸಿಬಿ ಮಾತು ಕೇಳಿದ್ದೇ ತಡ ಅವ್ರು, ಬೆಟ್ಟ ಮುಟ್ಟಿದ್ರೆ ನಾ ಅಡುಗೆ ಮಾಡೂದಿಲ್ಲ ಅಂದ್ಬಿಟ್ರು.

ಕಾನಮೂಲೆ ಅಣ್ಣ, ನಮ್ಮ ಬಾವಿ ಆರಡಿನೇ. ತೋಟಕ್ಕೆ ಕೆರೆ ನೀರು, ಬಾವಿ ಬರೀ ಮನೆಗೆ. ಮೇ ಬರ್ಲಿ, ಅಳೀತೀನಿ. ಬಚ್ಚಲ ನೀರು ಈಗ ಬಸಿಗಾಲುವೆಗೇ ಹೋಗ್ತದೆ, ನಾವು ಕಡ್ಲೆಹಿಟ್ಟು ಸೀಗೆಕಾಯಿ ಹಾಕೋರು, ನಡೀತದೆ. ನೆಂಟರು ಶಾಂಪೂ ಹಾಕಿದ್ರೆ? ಬಿಸಿನೀರಿಗೆ ಸೋಲಾರ್ ಹಾಕ್ಸೂದಾ?

ಬೆಂಗ್ಳೂರ್ ಬಾಡಿಗೆಮನೆ

ಬಂದು ಉಳಿಯೋರ ಕಡೆಯಿಂದ ಹೇಳ್ತೀನಿ, ನಾವು ವರ್ಷಕ್ಕೆ ಎರಡು ಸಲ ಆ ಕಡೆ ಬರ್ತೀವಿ, ಸಹಸ್ರಲಿಂಗ, ಯಾಣ, ಉಂಚಳ್ಳಿ ಎಲ್ಲಾ ನೋಡಾಗಿದೆ. ನಂಗೆ ಬೇಜಾರಾಗೋದು ಬಂದ್ಮೇಲೆ ರೂಲ್ಸ್ ಹೇಳೋದು. ಷವರ್ ಇಲ್ಲ, ಬಾಟ್ಲಿ ನೀರು ಇಲ್ಲ, ಟಿವಿ ಇಲ್ಲ, ಎಂಟೂವರೆಗೆ ಊಟ, ಇದನ್ನೆಲ್ಲಾ ಬುಕ್ ಮಾಡೋವಾಗ್ಲೇ ಫೋನಲ್ಲಿ ಹೇಳಿಬಿಡಿ, ಇಷ್ಟ ಇದ್ದೋರು ಬರ್ತಾರೆ. ಹೋದ ವರ್ಷ ಒಂದು ಮನೇಲಿ ಬಚ್ಚಲ ಹಂಡೆ ತೋರಿಸಿ, ಬೆಳಿಗ್ಗೆ ಅಡಿಕೆ ಸಿಪ್ಪೆ ಹಾಕಿ ಒಲೆ ಹೊತ್ತಿಸೋ ಕೆಲ್ಸ ನಮ್ಮ ಮಗನಿಗೇ ಕೊಟ್ರು, ಅವನು ಆರಕ್ಕೇ ಎದ್ದು ಕಾಯ್ತಾ ಕೂತಿದ್ದ, ಇಲ್ಲಿ ಎಂಟಕ್ಕೂ ಏಳಲ್ಲ. ಎರಡು ಬಕೆಟ್‌ಗಿಂತ ಜಾಸ್ತಿ ನೀರು ಯಾರೂ ಕೇಳ್ಲಿಲ್ಲ ಯಾಕಂದ್ರೆ ಆ ನೀರು ಕಾಯಿಸಿದ್ದು ಅವನೇ.

ಒಂದು ಮಾತ್ರ ಕೇಳ್ಕೊಳ್ತೀನಿ, ಪಾಯಖಾನೆ ಕ್ಲೀನಾಗಿರ್ಲಿ, ಸೊಳ್ಳೆಪರದೆ ಇರ್ಲಿ.

ಕಾನಮೂಲೆ

ಬೆಂಗ್ಳೂರ್‌ನವ್ರು ಹೇಳಿದ್ದು ಸರಿ, ಫೋನಲ್ಲೇ ಹೇಳ್ಬೇಕು. ನಾನು ಹೇಳ್ತೀನಿ, ಹತ್ತರಲ್ಲಿ ನಾಲ್ಕು ಜನ ಆಮೇಲೆ ಫೋನ್ ಮಾಡೂದಿಲ್ಲ, ಉಳಿದ ಆರು ಜನ ವರ್ಷ ವರ್ಷ ಬರ್ತಾರೆ.

ತಂಗಿ, ಸೋಲಾರ್ ನಮ್ಮಲ್ಲಿ ನವೆಂಬರಿಂದ ಮೇ ತನಕ ಚೆನ್ನಾಗಿ ನಡೀತದೆ, ಮಳೇಲಿ ಇಲ್ಲ. ಎರಡು ಕೋಣೆಗೆ ಹಂಡೇನೇ ಸಾಕು, ಕಾಡಿನ ಕಟ್ಟಿಗೆ ಮಾತ್ರ ಬೇಡ, ಅಡಿಕೆ ಸಿಪ್ಪೆ, ಬಿದ್ದ ಸೋಗೆ, ತೆಂಗಿನ ಕರಟ ಧಾರಾಳ ಸಿಕ್ತದೆ. ಶಾಂಪೂ ಪೊಟ್ಟಣ ನಾನು ಇಡೂದೇ ಇಲ್ಲ. ನಮ್ಮನೆಯವ್ಳು ದಾಸವಾಳ ಸೊಪ್ಪಿನ ಗಂಪು ಮಾಡಿ ಪಾತ್ರೇಲಿ ಇಡ್ತಾಳೆ, ಹೆಂಗಸ್ರು ರೆಸಿಪಿ ಕೇಳಿ ಬರ್ಕೊಂಡು ಹೋಗ್ತಾರೆ. ಆದ್ರೂ ಶಾಂಪೂ ತರೋರು ತರ್ತಾರೆ, ಒಂದು ಸಲ ನೊರೆ ಕಾಲುವೇಲಿ ತೇಲ್ಕೊಂಡು ತೋಟದ ತುದಿ ಹಳ್ಳದ ತನಕ ಹೋಗಿತ್ತು, ಅಲ್ಲಿ ಮೀನುಮರಿ ಇರ್ತವೆ. ಅದಕ್ಕೆ ನೆಂಟರ ಬಚ್ಚಲ ನೀರು ಸೀದಾ ಕಾಲುವೆಗೆ ಬಿಡ್ಬೇಡ. ಮೊದ್ಲು ಒಂದು ಗುಂಡೀಲಿ ಜಲ್ಲಿ, ಮರಳು, ಇದ್ದಲು ಹಾಕಿ, ಅದ್ರ ಮೇಲೆ ಕೆಸು, ಕಾಬಾಳೆ ನೆಡು, ಅದನ್ನ ದಾಟಿ ಬಾಳೆಗೆ ಹೋಗ್ಲಿ.

ಗೋಬರ್ ಗ್ಯಾಸ್ ಇದ್ದಾ ನಿಮ್ಮಲ್ಲಿ? ಎರಡು ಘನಮೀಟರ್ ಗುಂಡಿಗೆ ದಿನಕ್ಕೆ ಐವತ್ತು ಕಿಲೋ ಸಗಣಿ ಬೇಕು, ಮೂರು ಆಕಳು ಮಲೆನಾಡ ಗಿಡ್ಡ ಆದ್ರೆ ಅಷ್ಟಾಗೂದಿಲ್ಲ, ಒಂದು ಘನಮೀಟರಿಂದು ಸಾಕು. ಚಹಾ ಮತ್ತೆ ಬೆಳಗಿನ ತೆಳ್ಳೇವು ಅದ್ರಲ್ಲೇ ಆಗ್ತದೆ. ಮಳೆಗಾಲದ ಥಂಡಿಗೆ ಗ್ಯಾಸ್ ಕಮ್ಮಿ ಬರ್ತದೆ.

ಊಟಕ್ಕೆ ಬಾಳೆಲೆ ಹಾಕು. ಅಡಿಕೆ ಹಾಳೆ ತಟ್ಟೆ ಅಂಗಡಿಯಿಂದ ದುಡ್ಡು ಕೊಟ್ಟು ತರೂದ್ರಲ್ಲಿ ಅರ್ಥ ಇಲ್ಲ, ಬಾಳೆಲೆ ಎತ್ತಿದ್ರೆ ಆಕಳಿಗೆ. ತಂಬುಳಿ, ಅಪ್ಪೆಹುಳಿ, ಹಲಸಿನಕಾಯಿ ಪಲ್ಯ, ಜೋನಿ ಬೆಲ್ಲ, ಮಿಡಿ ಉಪ್ಪಿನಕಾಯಿ, ನಿಮ್ಮತ್ತೆ ಮಾಡೋದು ಯಾವ ಹೋಟ್ಲಲ್ಲೂ ಸಿಗೂದಿಲ್ಲ. ಗೋಬಿ ಮಂಚೂರಿ ಕೇಳ್ತಾರೆ, ಇಲ್ಲ ಅನ್ನು. ಕುಡಿಯೋ ನೀರಿಗೆ ಲಾವಂಚ ಹಾಕಿ ಕುದಿಸಿ ತಾಮ್ರದ ಕೊಡದಲ್ಲಿ ಇಡು. ಅವ್ರು ತಂದ ಪ್ಲಾಸ್ಟಿಕ್ಕು ಅವ್ರ ಕಾರಲ್ಲೇ ವಾಪಸ್ ಹೋಗ್ಬೇಕು, ನಾನು ಬಟ್ಟೆ ಚೀಲ ಕೊಟ್ಟು ಹೇಳ್ತೀನಿ, ಏಳು ವರ್ಷದಲ್ಲಿ ಜಗಳ ಆಡಿದವ್ರು ಇಬ್ರೇ.

ಜುಲೈ ಆಗಸ್ಟ್ ನಾವು ಮುಚ್ತೀವಿ. ಹಾಸಿಗೆ ವಸ್ತ್ರ ಒಣಗೂದಿಲ್ಲ, ಬೂಸ್ಲು ಹಿಡೀತದೆ, ಡ್ರೈಯರ್ ಹಾಕಿದ್ರೆ ಕರೆಂಟು, ಕರೆಂಟು ಹೋದ್ರೆ ಜನರೇಟರ್, ಒಂದರ ಹಿಂದೆ ಒಂದು. ಆ ಎರಡು ತಿಂಗಳು ಮನೆ ಗುಂಡಿ ಬಾವಿ ಎಲ್ಲದಕ್ಕೂ ವಿಶ್ರಾಂತಿ.

ಮಾಜಾಳಿ ದಡ

ಕಾರವಾರ ಕಡೆಯಿಂದ ಒಂದೆರಡು ಮಾತು, ನಮ್ಮದು ಸಮುದ್ರದ ದಂಡೆ, ತಾಪತ್ರಯ ಬೇರೆ. ಇಲ್ಲಿ ಹೊಯಿಗೆ (ಮರಳು), ಎಂಟು ಹತ್ತಡಿಗೇ ನೀರು, ಆದ್ರೆ ಜಾಸ್ತಿ ಎಳೆದ್ರೆ ಬಾವಿ ಉಪ್ಪಾಗ್ತದೆ. ನಮ್ಮ ಸಾಲಲ್ಲಿ ಎರಡು ಬಾವಿ ಹಂಗೇ ಹೋಯ್ತು, ಎರಡು ಮಳೆಗಾಲ ಕಳೆದ್ರೂ ಪೂರ್ತಿ ಸಿಹಿ ಆಗ್ಲಿಲ್ಲ. ಮೋಟಾರಿಗೆ ಟೈಮರ್ ಹಾಕಿದ್ವಿ, ಬೆಳಿಗ್ಗೆ ಇಪ್ಪತ್ತು ನಿಮಿಷ ಸಂಜೆ ಇಪ್ಪತ್ತು ನಿಮಿಷ, ಅಷ್ಟೇ.

ಇನ್ನೊಂದು ಬೆಳಕು. ಚಳಿಗಾಲದಲ್ಲಿ ಕಡಲಾಮೆ ಮೊಟ್ಟೆ ಇಡೂಕೆ ನಮ್ಮ ದಡಕ್ಕೆ ಬರ್ತವೆ, ಆಲಿವ್ ರಿಡ್ಲೆ. ಮರಿ ಹೊರಗೆ ಬಂದಾಗ ಸಮುದ್ರದ ಮೇಲಿನ ಬೆಳಕು ನೋಡ್ಕೊಂಡು ನೀರಿಗೆ ಹೋಗೂದು, ನಾವು ಈ ಕಡೆ ಫ್ಲಡ್‌ಲೈಟ್ ಹಾಕಿದ್ರೆ ತಿರುಗಿ ರಸ್ತೆ ಕಡೆ ಬರ್ತವೆ. ಒಂದು ದಿನ ಬೆಳಿಗ್ಗೆ ನಮ್ಮ ಕಂಪೌಂಡ್ ಗೋಡೆ ಬುಡದಲ್ಲಿ ಒಂಬತ್ತು ಮರಿ ಸಿಕ್ತು, ಅಂಗೈಯಷ್ಟೂ ಇಲ್ಲ, ಮೈಯೆಲ್ಲಾ ಹೊಯಿಗೆ, ನಾಲ್ಕು ಜೀವ ಹೋಗಿತ್ತು. ಉಳಿದ ಐದನ್ನ ಅರಣ್ಯ ಇಲಾಖೆಯವ್ರು ಬಂದು ನೋಡ್ಕೊಂಡ್ರು. ಅವತ್ತೇ ಸಮುದ್ರದ ಕಡೆಯ ಲೈಟು ಎಲ್ಲಾ ಕಿತ್ತಾಕಿದೆ. ಈಗ ಮೊಣಕಾಲೆತ್ತರದ ಹಳದಿ ಬಲ್ಬು, ಮೇಲೆ ಕರಟದ ಮುಚ್ಚಳ.

ನಿಮ್ಮ ಕಡೆ ಆಮೆ ಇಲ್ಲ, ಆದ್ರೆ ಮಿಂಚುಹುಳ ಇದ್ಯಲ್ಲ.

ತೋಟದಂಚು

ಮಿಂಚುಹುಳದ ಮಾತು ಚೆನ್ನಾಗಿ ನೆನಪು ಮಾಡಿದ್ರಿ. ಮೊದಲ ಮಳೆ ಬಿದ್ದ ವಾರ ನಮ್ಮ ಕೆರೆ ದಂಡೆ ಮತ್ತಿಮರ ಪೂರ್ತಿ ಒಟ್ಟಿಗೇ ಹೊತ್ತಿ ಒಟ್ಟಿಗೇ ಆರ್ತದೆ. ಹೋದ ವರ್ಷ ಅಂಗಳಕ್ಕೆ ದೊಡ್ಡ ಎಲ್‌ಇಡಿ ಹಾಕ್ಸಿದ್ವಿ, ಆ ಮರದಲ್ಲಿ ಹುಳ ಕಮ್ಮಿ ಕಂಡ್ವು. ನಿನ್ನೇನೇ ಅದನ್ನ ತೆಗೆಸಿದ್ವಿ.

ಬ್ಯಾಣದಾಚೆ

ಜನವರಿಯಿಂದ ಮೇ ತನಕ ನೆಂಟರನ್ನ ಕಾನಿಗೆ ಕರ್ಕೊಂಡು ಹೋಗೋವಾಗ ಮಂಗನ ಕಾಯಿಲೆ ನೆನಪಿಟ್ಕೊಳ್ಳಿ, ಸಿದ್ದಾಪುರ ಕಡೆ ಜೀವ ಹೋಗಿದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಣುಗು ಕಚ್ಚದ ಹಂಗೆ ಡೆಪಾ ಎಣ್ಣೆ ಕೊಡ್ತಾರೆ, ಹಚ್ಚಿಸಿ, ಉದ್ದ ಬಟ್ಟೆ ಹಾಕಿಸಿ, ಬಂದ ಕೂಡ್ಲೆ ಬಿಸಿನೀರು ಸ್ನಾನ, ಮೈಮೇಲೆ ಉಣುಗು ಇದ್ದಾ ನೋಡ್ಬೇಕು. ಸತ್ತ ಮಂಗ ಕಂಡ್ರೆ ಹತ್ರ ಹೋಗ್ದೆ ತಿಳಿಸ್ಬೇಕು. ದರಕಿನ ಮೇಲೆ ಕೂತು ಫೋಟೋ ತೆಗ್ಸೋಕೆ ಬಿಡ್ಲೇಬೇಡಿ.

ತೋಟದಂಚು (ಮೇ ತಿಂಗಳು)

ತಡ ಆಯ್ತು, ಕ್ಷಮಿಸಿ. ಈ ವಾರ ಮೂರು ದಿನ ಬಾವಿ ಅಳೆದೆ. ಹಗ್ಗಕ್ಕೆ ಅಡಿಗೊಂದು ಗಂಟು ಹಾಕಿ, ಗಂಟಿಗೆ ಕೆಂಪು ಬಟ್ಟೆ ಚೂರು ಕಟ್ಟಿದೆ, ಅತ್ತೆ ಬ್ಯಾಟರಿ ಹಿಡಿದು ನಿಂತ್ರು. ಸಂಜೆ ಮೂರಡಿ ನೀರು, ಬೆಳಿಗ್ಗೆ ಮೂರಡಿ ಹತ್ತಿಂಚು. ಎರಡನೇ ದಿನಾನೂ ಹತ್ತು, ಮೂರನೇ ದಿನ ಒಂಬತ್ತೂವರೆ. ಹತ್ತಿಂಚು ಅಂದ್ರೆ ಸುಮಾರು 660 ಲೀಟರ್. ನಾವು ನಾಲ್ಕು ಜನಕ್ಕೆ 280, ಆಕಳಿಗೆ 150. ಉಳಿದದ್ದು 230.

ಅಂದ್ರೆ ಬೇಸಿಗೇಲಿ ಇಬ್ರೇ. ಕಾಗದದ ಮೇಲೆ ಆ ಅಂಕಿ ನೋಡಿದಾಗ ನಮ್ಮನೆಯವ್ರು ಸುಮಾರು ಹೊತ್ತು ಸುಮ್ನೆ ಕೂತ್ರು, ನಾಲ್ಕು ಕಾಟೇಜ್ ಕಟ್ಟಿದ್ರೆ ಹದಿನಾರು ಜನ ಆಗ್ತಿದ್ರು ಅಂದ್ರು. ಹಂಗಾಗಿ ನವೆಂಬರಿಂದ ಫೆಬ್ರವರಿ ಎರಡೂ ಕೋಣೆ, ಮಾರ್ಚಿಂದ ಒಂದೇ ಕೋಣೆ, ಜೂನ್ ಜುಲೈ ಆಗಸ್ಟ್ ಬಂದ್. ಹಂಚಿನ ಮಾಡಿನ ಒಂದು ಬದಿಗೆ ದೋಣಿ ಕಟ್ಟಿಸಿ ನೀರು ಬಾವಿ ಮೇಲ್ಗಡೆ ಇಂಗುಗುಂಡಿಗೆ ಬಿಡ್ತಿದೀವಿ. ಸಾವಿರ ಚದರಡಿ ಮಾಡು, ನಮ್ಮ ಕಡೆ ವರ್ಷಕ್ಕೆ 2500 ಮಿಲಿಮೀಟರ್ ಮಳೆ ಅಂದ್ರೆ ಎರಡು ಲಕ್ಷ ಲೀಟರ್ ಮೇಲೆ, ಇಷ್ಟು ವರ್ಷ ಅದೆಲ್ಲಾ ಅಂಗಳದ ಮಣ್ಣು ತೊಳ್ಕೊಂಡು ಹಳ್ಳಕ್ಕೆ ಹೋಗ್ತಿತ್ತು. ಮುಂದಿನ ಮೇನಲ್ಲಿ ಇದೇ ಹಗ್ಗ ಇಳಿಸಿ ನೋಡ್ತೀನಿ. ಕೆಳಗಿನ ಎರಡು ಮನೆಗೂ ಹೋಗಿ ಹೇಳಿ ಬಂದಿದೀನಿ, ಹಾಲು ಮೊಸರು ಅವ್ರೇ ಕೊಡ್ತಾರಂತೆ.

ಪಾಯಖಾನೆ ಗುಂಡಿ ಮಾತ್ರ ಇನ್ನೂ ತೋಡಿಲ್ಲ. ಗಾರೆಕೆಲ್ಸದವ್ರು ಹೇಳಿದ ಹಂಗೆ ಮಳೆಗಾಲದ ನೀರು ಎಷ್ಟಡಿಗೆ ಸಿಕ್ತದೆ ಅಂತ ನೋಡ್ಬೇಕು. ಜೂನ್ ಕಡೇಲಿ ತೋಡಿ ನೋಡಿದ್ರೆ ಸಾಕಾ?

ಗಾರೆಕೆಲ್ಸ

ಜೂನ್ ಬೇಡ, ಆಗ ಭೂಮಿ ಇನ್ನೂ ಕುಡೀತಾ ಇರ್ತದೆ. ಆಗಸ್ಟ್ ಮೊದಲ ವಾರ, ನಾಲ್ಕು ದಿನ ಬಿಡದೆ ಮಳೆ ಹೊಡೆದ ಮೇಲೆ ತೋಡಿ. ಒಂದಡಿ ಅಗಲದ ಗುಂಡಿ ಸಾಕು, ಮೇಲೆ ಹಾಳೆ ಮುಚ್ಚಿ ಮಳೆನೀರು ಒಳಗೆ ಬೀಳದ ಹಂಗೆ ಮಾಡಿ, ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ಕೋಲು ಇಳಿಸಿ ಅಳೆದು ಇಲ್ಲಿ ಬರೀರಿ.